ವೆಂಕಟರಮಣಪ್ಪನವರ ಬಚ್ಚಲಮನೆ ಬಾಗಿಲು

ವೆಂಕಟರಮಣಪ್ಪನವರನ್ನ ಹೊಗಳೋಕೆ ಹೊರಟ್ರೆ ನನಗೆ ಮೊದ್ಲು ಕೋಪಾನೇ ಬರೋದು. ಕುರುಬರಹಳ್ಳೀಲಿ ಅವರ ಮನೆಗೂ ನಮ್ಮನೆಗೂ ಮಧ್ಯೆ ಒಂದೇ ಗೋಡೆ. ಬಡಗಿ ಕೆಲಸದಲ್ಲಿ ಅವರನ್ನ ಮೀರಿಸಿದೋರಿಲ್ಲ, ಒಪ್ಕೋತೀನಿ. ರಾಜಾಜಿನಗರದ ಎಷ್ಟೋ ಹಳೇ ಮನೆಗಳಿಗೆ ಬಾಗಿಲು ಕೂರಿಸಿದ್ದು ಅವರೇ. ಆದ್ರೆ ಹಠ ಅಂದ್ರೆ ಹಠ.

ಮಳೆಗಾಲ ಬಂತು ಅಂದ್ರೆ ಬೀದಿಯವರೆಲ್ಲ ಅವರ ಮುಂದೆ ನಿಲ್ಲೋರು. ಬಾಗಿಲು ಹಿಡ್ಕೊಳ್ತಿದೆ, ಒಂಚೂರು ಹೆರೆದುಕೊಡಿ ಅಂತ. ಇವರು ಹತ್ತರಿ ಮುಟ್ಟಿದ್ರೆ ಕೇಳಿ. ನನಗೂ ಒಂದ್ಸಲ ಪಾಠ ಆಗಿದೆ. "ಮರ ಗಾಳೀಲಿರೋ ಪಸೇನ ಹೀರ್ಕೊಂಡಿದೆ ಕಣಮ್ಮ ಶಶಿಕಲಾ. ಮೇಲೆ ನೀರು ಬೀಳ್ಲೇಬೇಕು ಅಂತೇನಿಲ್ಲ. ಉದ್ದಕ್ಕೆ ಏನೂ ಆಗಲ್ಲ, ಅಗಲಕ್ಕೆ ಊದುತ್ತೆ. ಈಗ ಹೆರೆದ್ರೆ ಬೇಸಿಗೇಲಿ ಒಣಗಿ ಸಂದು ಬಿಡುತ್ತೆ. ಶಿವರಾತ್ರಿವರೆಗೂ ತಡ್ಕೊ, ತಾನಾಗೇ ಸಡಿಲ ಆಗುತ್ತೆ." ಗಿರಾಕಿ ಮುಖ ಊದಿಸ್ಕೊಂಡು ಹೋದ್ರೂ ಸರಿ, ಮಾತು ಬದಲಾಯಿಸೋ ಮನುಷ್ಯ ಅಲ್ಲ.

ಅವರ ಹೆಂಡತಿ ಚಿಕ್ಕಗಂಗಮ್ಮ, ನನಗೆ ಗಂಗಕ್ಕ. ಆ ಹಠಾನ ನಗ್ತಾನೇ ಸಹಿಸ್ಕೊಂಡು ಬಂದೋರು. ಅವರ ಬಚ್ಚಲಮನೆಗೂ ಮರದ ಬಾಗಿಲೇ, ಗಂಡ ಕೈಯಾರೆ ಮಾಡಿದ್ದು. ಮಳೆಗಾಲದ ತೇವ ಸಾಲದು ಅಂತ ಬಿಸಿನೀರಿನ ಹಬೆ ಬೇರೆ. ಹೋದ ಶ್ರಾವಣದಲ್ಲಿ ಅದು ಚೌಕಟ್ಟಿಗೆ ಎಷ್ಟು ಬಿಗಿಯಾಗಿತ್ತು ಅಂದ್ರೆ ಒಳಗೆ ಹೋದೋರು ಚಿಲಕಾನೇ ಹಾಕ್ತಿರ್ಲಿಲ್ಲ.

"ರೀ, ನನ್ ಕೈಲಿ ಎಳೆಯೋಕಾಗ್ತಿಲ್ಲ. ಸ್ವಲ್ಪ ಹೆರೆದುಬಿಡಿ" ಅಂತ ಗಂಗಕ್ಕ ಕೇಳಿದ್ದು ಗೋಡೆ ಈಚೆ ನನ್ ಕಿವಿಗೂ ಬಿತ್ತು.

"ಬೀದಿಯವರಿಗೆಲ್ಲ ಬೇಡ ಅಂದು ನಿನಗೆ ಮಾಡಿಕೊಟ್ರೆ ಏನ್ ಚೆನ್ನಾಗಿರುತ್ತೆ? ತಡ್ಕೊ" ಅಂದ್ರು ಇವರು.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಅವರ ಬಚ್ಚಲಲ್ಲಿ ಧೊಪ್ ಅಂತ ಸದ್ದಾಯ್ತು. ವೆಂಕಟರಮಣಪ್ಪನವರು ಕೂಗಿದ್ದು ಕೇಳಿ ನಾನು ಓಡಿದೆ. ಚಿಲಕ ಹಾಕಿರ್ಲಿಲ್ಲ, ಆದ್ರೂ ಬಾಗಿಲು ಅಲ್ಲಾಡ್ಲಿಲ್ಲ. ವಯಸ್ಸಾದ ಮೈ, ಭುಜ ಕೊಟ್ಟು ತಳ್ಳಿದ್ರು. ಉಳಿ ತಂದು ಮೀಟಿದ್ರು. ಹಾಳಾದ್ದು, ಅವರ ಕೆಲಸ ಅಷ್ಟು ಗಟ್ಟಿ. ಮೊದಮೊದಲು ಒಳಗಿಂದ ಗಂಗಕ್ಕ ನರಳೋದು ಕೇಳಿಸ್ತಿತ್ತು. ಆಮೇಲೆ ಅದೂ ನಿಂತ್ಹೋಯ್ತು. ಎದುರುಮನೆ ತಮ್ಮಣ್ಣ ಬಂದು ಇಬ್ಬರೂ ಸೇರಿ ಒದ್ದಾಗ ಬಾಗಿಲು ಬಿಟ್ಕೊಂಡಿತು.

ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಮೆದುಳಲ್ಲಿ ರಕ್ತನಾಳ ಒಡೆದಿತ್ತಂತೆ. ಗಂಗಕ್ಕ ಸಂಜೆಗೆ ಹೋಗ್ಬಿಟ್ರು. "ಇನ್ನೂ ಬೇಗ ಕರ್ಕೊಂಡು ಬಂದಿದ್ರೆ ಉಳೀತಿದ್ಲಾ ಸಾರ್?" ಅಂತ ಇವರು ಡಾಕ್ಟ್ರನ್ನ ಕೇಳಿದ್ರು. ಆ ಪುಣ್ಯಾತ್ಮ ಇವರ ಕೈ ಹಿಡ್ಕೊಂಡ್ರು. ತುಂಬಾ ದಿನ ನನಗೆ ವೆಂಕಟರಮಣಪ್ಪನವರ ಜೊತೆ ಮಾತಾಡೋಕೇ ಮನಸ್ಸು ಬರ್ಲಿಲ್ಲ.

ಶಿವರಾತ್ರಿ ಕಳೀತು, ಬಿಸಿಲು ಏರ್ತು. ಅವರು ಹೇಳ್ತಿದ್ದ ಹಾಗೇ ಬೀದಿಯ ಬಾಗಿಲೆಲ್ಲ ಸಡಿಲ ಆದ್ವು. ಒಂದು ಮಧ್ಯಾಹ್ನ ಗೋಡೆ ಆಚೆ ಮರ ಹೆರೆಯೋ ಸದ್ದು ಕೇಳ್ತು. ಹೋಗಿ ನೋಡ್ತೀನಿ, ಬಚ್ಚಲಮನೆ ಬಾಗಿಲನ್ನ ಕಳಚಿ ಅಂಗಳಕ್ಕೆ ತಂದಿದ್ದಾರೆ. ಬೆವರು ಸುರಿಸ್ಕೊಂಡು ಅದರ ಅಂಚಿಗೆ ಹತ್ತರಿ ಹಾಕ್ತಿದ್ದಾರೆ. ಆಗಲೇ ಒಂದು ಬೆರಳಗಲ ಹೋಗಿತ್ತು.

"ಈಗ್ಯಾಕೆ ಹೆರೀತಿದೀರಿ? ಸರಾಗವಾಗೇ ಬರ್ತಿದ್ಯಲ್ಲ" ಅಂದೆ.

ಅವರು ತಲೆ ಎತ್ತಲಿಲ್ಲ.

"ಗಂಗೂ ಕೇಳಿದ್ಲಲ್ಲಮ್ಮ" ಅಂದ್ರು.