ಹುಂಜನ ಬಣ್ಣ

ನನ್ನ ಅತ್ತೆಯನ್ನು ಬೀದಿಯವರೆಲ್ಲ ಕಾವಜ್ಜಿ ಎಂದೇ ಕರೆಯುತ್ತಿದ್ದರು. ಹಿತ್ತಿಲಲ್ಲಿ ಅವರು ಸಾಕಿದ್ದದ್ದು ಗಿಡ್ಡ ಜಾತಿಯ ಕೋಳಿಗಳು, ಒಂದು ಕಂದು ಹುಂಜ, ಉಳಿದವೆಲ್ಲ ಹೇಂಟೆ. ಪೂರ್ತಿ ಬೆಳೆದರೂ ಪಾರಿವಾಳಕ್ಕಿಂತ ಒಂದು ಸುತ್ತು ದೊಡ್ಡವು, ಅಷ್ಟೇ. ಮೊಟ್ಟೆ ಎಷ್ಟು ಸಣ್ಣದೆಂದರೆ ನಾಲ್ಕು ಒಡೆದರೂ ಒಬ್ಬರ ತಟ್ಟೆ ತುಂಬುವುದಿಲ್ಲ. ಅವುಗಳ ಬಡಿವಾರವೆಲ್ಲ ಎರಡೇ ವಿಷಯದಲ್ಲಿ. ಒಂದು, ಕಾಲಿನ ಬೆರಳುಗಳವರೆಗೂ ಗರಿ. ಆಗತಾನೇ ಚಿಪ್ಪೊಡೆದು ಬಂದ ಮರಿಗೂ ಕಾಲ ಮೇಲೆ ಮೆತ್ತನೆಯ ನವಿರು ಇರುತ್ತಿತ್ತು. ಇನ್ನೊಂದು, ಕಾವಿಗೆ ಕೂರುವ ಹಟ. ಒಮ್ಮೆ ಕೂತವೆಂದರೆ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಹಾಗಾಗಿ ಬೀದಿಯವರು ತಮ್ಮ ಕೋಳಿಗಳ ಮೊಟ್ಟೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅತ್ತೆಯ ಕೈಗೆ ಒಪ್ಪಿಸಿ ಹೋಗುತ್ತಿದ್ದರು.

ನನಗೆ ಕೋಳಿಯೆಂದರೆ ಅಷ್ಟಕ್ಕಷ್ಟೇ. ಒಗೆದು ಹರವಿದ ಬಟ್ಟೆಯ ಕೆಳಗೇ ಅವು ಧೂಳು ಸ್ನಾನ ಮಾಡಬೇಕು, ನಾನು ಗುಡಿಸಿದ ಜಾಗದಲ್ಲೇ ಹಿಕ್ಕೆ ಹಾಕಬೇಕು. ಆದರೆ ಅತ್ತೆ ಕಾವಿನ ಕೋಳಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ನಾನು ಕೆಲಸ ಬಿಟ್ಟು ನೋಡುತ್ತಿದ್ದೆ. ಗರಿ ಕೆದರಿಕೊಂಡು ಗುರ್ರೆನ್ನುವ ಹೇಂಟೆ ನನ್ನ ಕೈಯನ್ನು ರಕ್ತ ಬರುವ ಹಾಗೆ ಕುಕ್ಕುತ್ತಿತ್ತು. ಅವರ ಕೈಯನ್ನು ಮಾತ್ರ ಹೊಟ್ಟೆಯಡಿಗೆ ಬಿಟ್ಟುಕೊಳ್ಳುತ್ತಿತ್ತು. ದಿನಕ್ಕೊಮ್ಮೆ ಅದನ್ನು ಎತ್ತಿ ಕೆಳಗೆ ಬಿಟ್ಟು, ನುಚ್ಚು ನೀರು ಕೊಟ್ಟು, ಮೊಟ್ಟೆ ತಣ್ಣಗಾಗುವ ಮೊದಲು ಮತ್ತೆ ಬುಟ್ಟಿಗೆ ಸೇರಿಸುವುದು ಅವರ ಕ್ರಮ. ಏಳನೆಯ ದಿನ ಉಗ್ರಾಣದ ಬಾಗಿಲು ಮುಚ್ಚಿಕೊಂಡು ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಮೂತಿಗೆ ಹಿಡಿಯುತ್ತಿದ್ದರು. ಒಳಗೆ ಕೆಂಪು ನರಗಳು ಜೇಡದ ಕಾಲಿನಂತೆ ಹರಡಿದ್ದರೆ ಜೀವವಿದೆ ಎಂದು ಲೆಕ್ಕ, ಬುಟ್ಟಿಗೆ ವಾಪಸು. ಬೆಳಕು ಬರಿದೇ ದಾಟಿದರೆ ಖಾಲಿ, ಅಡುಗೆಮನೆಗೆ.

ನನ್ನ ಗಂಡನದು ಫ್ರಿಜ್ ರಿಪೇರಿ ಕೆಲಸ. ಹಳೆಯ ಫ್ರಿಜ್‌ಗಳು ಪಡಸಾಲೆ ದಾಟಿ ಮಲಗುವ ಕೋಣೆಯ ಹೊಸ್ತಿಲಿಗೆ ಬಂದು ನಿಂತಿದ್ದವು. ಗೂಡಿನ ಜಾಗದ ಮೇಲೆ ಅವರಿಗೆ ಕಣ್ಣಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದೊಂದೇ ಕಾರಣವಲ್ಲ. ಆ ವರ್ಷ ಅತ್ತೆ ಎರಡು ಸಲ ಕೋಳಿಯ ನೀರಿನ ಬೋಗುಣಿ ಎಡವಿ ಬಿದ್ದಿದ್ದರು. ಎರಡನೆಯ ಸಲ ಮೊಣಕೈ ಊದಿಕೊಂಡಾಗ ಇವರು ಖಡಾಖಂಡಿತವಾಗಿ ಹೇಳಿಬಿಟ್ಟರು, ಕೋಳಿ ನೋಡಿಕೊಳ್ಳುವುದು ಅಮ್ಮನಿಂದ ಆಗುವುದಿಲ್ಲ ಅನ್ನಿಸಿದ ದಿನ ಗೂಡು ಎತ್ತಿಸುವುದೇ ಸೈ ಎಂದು. ಅತ್ತೆ ಬೋಗುಣಿಯದೇ ತಪ್ಪು ಎಂಬಂತೆ ಅದನ್ನು ಬೇರೆ ಮೂಲೆಗೆ ಸರಿಸಿದರು.

ಅದಾದ ಮೇಲೆ ಬೂದು ಬಣ್ಣದ ಹೇಂಟೆ ಒಂಬತ್ತು ಮೊಟ್ಟೆಗಳ ಮೇಲೆ ಕೂತಿತು. ಏಳನೆಯ ದಿನ ಅತ್ತೆ ಉಗ್ರಾಣದಿಂದ ಹೊರಬಂದು ನಾಲ್ಕು ಖಾಲಿ ಎಂದು ನನ್ನ ಕೈಗಿಟ್ಟರು. ನಾನು ಅವನ್ನು ಫ್ರಿಜ್ಜಿನಲ್ಲಿಟ್ಟೆ. ಮಾರನೆಯ ಬೆಳಿಗ್ಗೆ ಮೊದಲನೆಯದನ್ನು ಬಟ್ಟಲಿಗೆ ಒಡೆದೆ. ಹಳದಿಯ ಮೇಲೆ ಕೆಂಪು ನರಗಳ ಬಲೆ, ಅದರ ನಡುವೆ ಕಪ್ಪು ಚುಕ್ಕೆಯಂಥ ಕಣ್ಣು. ಉಳಿದ ಮೂರನ್ನೂ ಒಡೆದೆ. ಮೂರರಲ್ಲೂ ಅದೇ.

ಅತ್ತೆ ಸ್ನಾನಕ್ಕೆ ಹೋದಾಗ ಟಾರ್ಚು ಹಿಡಿದುಕೊಂಡು, ಕುಕ್ಕಿಸಿಕೊಂಡು, ಕೋಳಿಯಡಿಯಿಂದ ಉಳಿದ ಐದನ್ನೂ ತೆಗೆದು ನೋಡಿದೆ. ಐದೂ ಬರಿದು. ಜೀವವಿದ್ದವನ್ನು ಆರಿಸಿ ನನಗೆ ಕೊಟ್ಟು, ಖಾಲಿಯವನ್ನು ಕಾವಿಗೆ ಬಿಟ್ಟಿದ್ದರು.

ಆಗ ಒಂದೊಂದಾಗಿ ನೆನಪಾಯಿತು. ದರ್ಜಿ ಅಂಗಡಿಗೆ ಕಾಜಾ ಹಾಕಿಕೊಡುತ್ತಿದ್ದ ಅತ್ತೆ ಎರಡು ವರ್ಷದ ಹಿಂದೆ ಬೆರಳು ನೋವೆಂದು ಸೂಜಿ ಕೆಳಗಿಟ್ಟಿದ್ದರು. ಉಪ್ಪಿನ ಡಬ್ಬಿಯನ್ನು ನಾನು ಬೇರೆ ಕಡೆ ಇಟ್ಟ ದಿನ ಸಾರಿಗೆ ಸಕ್ಕರೆ ಬಿದ್ದಿತ್ತು. ಅವತ್ತು ನಾನು ಸುಮ್ಮನಿರಲಿಲ್ಲ. ವಯಸ್ಸಾಯಿತು, ಗಮನವೆಲ್ಲ ಕೋಳಿಯ ಮೇಲೆ ಎಂದು ಬಾಯಿಗೆ ಬಂದದ್ದೆಲ್ಲ ಆಡಿದ್ದೆ. ಅವರು ಸಾರು ಚೆಲ್ಲಿ ಪಾತ್ರೆ ತೊಳೆದಿದ್ದರು. ಟಾರ್ಚು ಹಿಡಿದು ನಿಂತವಳಿಗೆ ಆ ಮಾತುಗಳೆಲ್ಲ ತಿರುಗಿ ಬಂದು ಬಡಿದವು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವರನ್ನೇ ಕೇಳಬಹುದಿತ್ತು. ಕಣ್ಣು ಎಷ್ಟು ಕಾಣುತ್ತದೆ ಅತ್ತೆ ಎಂದು ಒಂದು ಮಾತು. ಆದರೆ ಕೇಳಿದರೆ ಗಂಡನಿಗೆ ತಿಳಿಯುತ್ತದೆ, ತಿಳಿದರೆ ಗೂಡು ಹೋಗುತ್ತದೆ, ಗೂಡು ಹೋದರೆ ಅವರು ಬೆಳಗಾಗೆದ್ದು ಏನು ಮಾಡಬೇಕು? ಹೀಗೆ ಯೋಚಿಸಿ ಬಾಯಿಗೆ ಬೀಗ ಹಾಕಿಕೊಂಡೆ. ನಾನು ಬಹಳ ಜಾಣೆ ಎಂದುಕೊಂಡಿದ್ದ ದಿನಗಳವು.

ಆ ಬೂದು ಹೇಂಟೆ ಹದಿಮೂರು ದಿನ ಇನ್ನೂ ಕೂತಿತು. ಜುಟ್ಟು ಬಿಳಿಚಿಕೊಂಡಿತು, ಎದೆಯ ಮೂಳೆ ಕೈಗೆ ಸಿಗುವಷ್ಟು ಸೊರಗಿತು. ಅತ್ತೆ ದಿನವೂ ಎತ್ತಿ ನುಚ್ಚು ಕೊಡುತ್ತಿದ್ದರು. ಇಪ್ಪತ್ತನೆಯ ದಿನ ಒಂದೊಂದು ಮೊಟ್ಟೆಯನ್ನೂ ಕಿವಿಗೆ ಹಿಡಿದು ಕೂತರು. ಬೇರೆ ಸಲವೆಲ್ಲ ಒಳಗಿನ ಮರಿ ಚಿಪ್ಪು ಕುಟ್ಟುವ ಸದ್ದು, ಅದು ಹೊರಬರುವ ಹಿಂದಿನ ದಿನವೇ ಅವರಿಗೆ ಕೇಳುತ್ತಿತ್ತು. ಆ ದಿನ ಐದನ್ನೂ ಎರಡೆರಡು ಸಲ ಕಿವಿಗೆ ಹಿಡಿದರು. ಮಧ್ಯಾಹ್ನ ಊಟಕ್ಕೆ ಕೂತ ಮಗ, ಈ ಸಲ ಎಷ್ಟು ಮರಿ, ಅಮ್ಮ ಎಂದು ಕೇಳಿದಾಗ, ನಾಳೆ ಬೆಳಿಗ್ಗೆ ನೀನೇ ನೋಡು ಎಂದುಬಿಟ್ಟರು. ಅವರ ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ನಾನು ಚಪ್ಪಲಿ ಮೆಟ್ಟಿಕೊಂಡು ಸಂತೆಗೆ ಓಡಿದೆ. ಮರಿ ಮಾರುವವನ ರಟ್ಟಿನ ಪೆಟ್ಟಿಗೆಯಲ್ಲಿ ಸಾದಾ ಮರಿಗಳೆಲ್ಲ ಖಾಲಿಯಾಗಿದ್ದವು. ಉಳಿದದ್ದು ಮಕ್ಕಳು ಆಸೆಪಡಲಿ ಎಂದು ಬಣ್ಣದಲ್ಲಿ ಅದ್ದಿದವು, ಗುಲಾಬಿ ಮತ್ತು ಹಸಿರು. ತೊಳೆದರೆ ಹೋಗುತ್ತದಾ ಎಂದು ಕೇಳಿದೆ. ತೊಳೆದರೆ ಮರಿಯೇ ಹೋಗುತ್ತದೆ, ಗರಿ ಮೂಡುವವರೆಗೆ ಕಾಯಬೇಕು ಎಂದ. ಅತ್ತೆಗೆ ಹೇಗೂ ಬಣ್ಣ ಕಾಣುವುದಿಲ್ಲ, ಗಂಡ ಗೂಡಿನ ಹತ್ತಿರ ಹಾಯುವುದೇ ಅಪರೂಪ, ಬಂದರೂ ಹೇಗೋ ತಡೆದರಾಯಿತು ಎಂದುಕೊಂಡೆ. ಗುಲಾಬಿ ದೂರದಿಂದಲೇ ಎದ್ದು ಕಾಣುತ್ತದೆಂದು ನಾಲ್ಕು ಹಸಿರು ಆರಿಸಿದೆ. ಹಿತ್ತಿಲ ಹುಲ್ಲಿನಲ್ಲಿ ಕಾಣದೆ ಹೋದಾವು ಎಂಬುದು ನನ್ನ ಬುದ್ಧಿವಂತಿಕೆ.

ಮುಸ್ಸಂಜೆ, ಅತ್ತೆ ಒಳಗೆ ಅಡ್ಡಾದಾಗ, ಬುಟ್ಟಿಯಿಂದ ಐದು ಮೊಟ್ಟೆಗಳನ್ನು ತೆಗೆದು ಹೇಂಟೆಯ ರೆಕ್ಕೆಯಡಿಗೆ ನಾಲ್ಕು ಮರಿಗಳನ್ನು ತಳ್ಳಿದೆ. ಅದು ಈ ಸಲ ಕುಕ್ಕಲಿಲ್ಲ. ಗಂಟಲೊಳಗೇ ಕೊರ್ ಕೊರ್ ಎಂದು ಒಂದು ಹೊಸ ಸದ್ದು ಮಾಡಿ, ಮೈ ಹಿಗ್ಗಿಸಿ, ನಾಲ್ಕನ್ನೂ ಮುಚ್ಚಿಕೊಂಡಿತು. ನನಗೆ ಅಳು ಬಂತು.

ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಗೂಡಿನ ಮುಂದಿದ್ದರು. ಮರಿಗಳ ಚಿಲಿಪಿಲಿ ಅಡುಗೆಮನೆಗೂ ಕೇಳುತ್ತಿತ್ತು. ಅವರು ಒಂದನ್ನು ಅಂಗೈಯಲ್ಲಿ ತೆಗೆದುಕೊಂಡು, ಇನ್ನೊಂದು ಕೈ ಮುಚ್ಚಿ, ಹೆಬ್ಬೆರಳಿನಿಂದ ಅದರ ಕಾಲು ಸವರಿದರು. ಮತ್ತೊಮ್ಮೆ ಸವರಿದರು. ಹೆಬ್ಬೆರಳು ಅಲ್ಲೇ ನಿಂತಿತು. ನವಿರು! ಬಣ್ಣದ ಗಡಿಬಿಡಿಯಲ್ಲಿ ಕಾಲಿನ ನವಿರನ್ನು ನಾನು ಪೂರ್ತಿ ಮರೆತಿದ್ದೆ. ಅವರು ಮುಖವನ್ನು ನನ್ನ ಹೆಜ್ಜೆಯ ಸದ್ದಿನ ಕಡೆಗೆ ತಿರುಗಿಸಿದರು. ನಾನೇನಾದರೂ ಹೇಳುವ ಮುನ್ನ ನನ್ನ ಗಂಡ ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡು ಹಿತ್ತಿಲ ಬಾಗಿಲಿಗೆ ಬಂದರು.

"ಬಂದ್ವಾ ಅಮ್ಮ? ನಮ್ ಜಾತಿ ಥರಾನೇ ಇದಾವಾ?"

"ಬರ್ದೆ ಏನು," ಎಂದರು ಅತ್ತೆ, ಗಟ್ಟಿಯಾಗಿ. "ನಾಲ್ಕೂ ಕಂದು. ಹುಂಜನ ಬಣ್ಣಾನೇ ಬಂದಿದೆ, ನೋಡು."

ಹಾಗೆಂದು ಮುಚ್ಚಿದ ಕೈ ತೆಗೆದು ಅಂಗೈಯನ್ನು ಮಗನತ್ತ ಚಾಚಿದರು. ಅದರ ಮೇಲೆ ಎಲೆಯ ಹಾಗೆ ಹಸಿರಾದ ಮರಿ ಕೂತಿತ್ತು.

ಇವರು ಮರಿಯನ್ನು ನೋಡಿದರು. ಅಮ್ಮನ ಮುಖ ನೋಡಿದರು. ಕೊನೆಗೆ ನನ್ನನ್ನು ನೋಡಿದರು. "ಹೂಂ ಅಮ್ಮ, ಕಂದು," ಎಂದು ಒಳಗೆ ಹೋದರು. ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಹರಿಯುತ್ತಲೇ ಇತ್ತು.

ಅಂದೇ ಅಮ್ಮನನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಕಣ್ಣಿನ ಹಿಂದಿನ ನರ ಒಣಗಿರುವುದು ಎಂದರಂತೆ ಡಾಕ್ಟರು. ಎರಡು ವರ್ಷ ಮೊದಲು ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಬಹುದಿತ್ತಂತೆ. ಅಂದರೆ ಸೂಜಿ ಕೆಳಗಿಟ್ಟ ಕಾಲಕ್ಕೆ.

ಭಾನುವಾರ ಗೂಡು ಎತ್ತಿದರು. ಅತ್ತೆ ಎದುರಾಡಲಿಲ್ಲ. ಒಂದೊಂದು ಕೋಳಿಯನ್ನೂ ತಾವೇ ಹಿಡಿದು, ಕಾಲಿನ ಗರಿ ಸವರಿ, ಕೊಂಡವನ ಬುಟ್ಟಿಗೆ ಬಿಟ್ಟರು. ಬೂದು ಹೇಂಟೆಯನ್ನೂ ಮರಿಗಳನ್ನೂ ಬೇರೆ ಮಾಡಬೇಡವೆಂದು ಅವನಿಗೆ ಹೇಳಿದರು. ಗಾಡಿಯ ಸದ್ದು ಬೀದಿಯ ತಿರುವು ದಾಟಿದ ಮೇಲೆ, ಹೊಟ್ಟು ಚೆಲ್ಲಿದ ಬರಿ ಜಾಗದ ಮುಂದೆ ನಾವಿಬ್ಬರೇ ಉಳಿದೆವು.

"ಅವತ್ತು ಮರಿ ಯಾವ ಬಣ್ಣ ಇತ್ತು?" ಎಂದು ಕೇಳಿದರು.

"ಹಸಿರು, ಅತ್ತೆ."

ಅವರು ತಲೆಯಾಡಿಸಿದರು. "ಕಾಲು ಮುಟ್ಟಿದ ಕೂಡ್ಲೇ ನಮ್ಮದಲ್ಲ ಅಂತ ಗೊತ್ತಾಯ್ತು ಕಣೆ," ಎಂದರು. "ಅಷ್ಟರಲ್ಲಿ ಅವ್ನು ಬಂದ. ನೀನು ಸಿಕ್ಕಿಹಾಕ್ಕೋತೀಯಲ್ಲ ಅಂತ ಕಂದು ಅಂದ್ಬಿಟ್ಟೆ."

ನುಚ್ಚಿನ ಡಬ್ಬಿ ನನ್ನ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.