ಫೋನಿನಲ್ಲಿ ಸಾಕಿದ ಹೋರಿ

ಮಸ್ಕತ್ತಿನಲ್ಲಿ ನಮ್ಮ ಹಬ್ಬಗಳೆಲ್ಲ ಶುಕ್ರವಾರಕ್ಕೇ ಬರುತ್ತವೆ. ಪಂಚಾಂಗದಲ್ಲಿ ಸೋಮವಾರ ಇರಲಿ, ಬುಧವಾರ ಇರಲಿ, ನನಗೆ ಸೂಟಿ ಇರುವುದು ಶುಕ್ರವಾರ. ಅವತ್ತೇ ಯುಗಾದಿ, ಅವತ್ತೇ ಪಂಚಮಿ, ಅವತ್ತೇ ದೀಪಾವಳಿ. ದೀಪಾವಳಿ ಪಾಡ್ಯಕ್ಕೆ ನಮ್ಮ ಕಡೆ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ, ತಲೆಗೆ ಚೆಂಡು ಹೂವು ಸಿಗಿಸಿ ಹೊಸ್ತಿಲಲ್ಲಿ ಕೂರಿಸುತ್ತಾರಲ್ಲ, ಇಲ್ಲಿ ಸಗಣಿ ಎಲ್ಲಿಂದ ತರಬೇಕು? ನನ್ನ ಹೆಂಡತಿ ಚಪಾತಿ ಹಿಟ್ಟಿಗೆ ಕಡು ಚಹಾದ ನೀರು ಹಾಕಿ ನಾದಿ, ಬಣ್ಣ ಬರಿಸಿ ಮಾಡುತ್ತಾಳೆ. ನನ್ನ ಮಗಳು ಹಟ್ಟೆವ್ವ ಅಂದರೆ ಹಿಟ್ಟಿನವಳು ಅಂದುಕೊಂಡೇ ಬೆಳೆದಳು.

ನಾನು ಏಳನೇತ್ತಕ್ಕೆ ಸಾಲಿ ಬಿಟ್ಟವನು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಮೆಣಸಿನಕಾಯಿ ಚೀಲ ಹೊರಲು ಹೋಗಿ, ಅಲ್ಲಿಯ ಮಿಶನ್ ರೂಮಿನಲ್ಲಿ ಪಾನಾ ಹಿಡಿದು ರಿಪೇರಿ ಮಾಡುವುದನ್ನು ಕಲಿತೆ. ಅದೇ ವಿದ್ಯೆ ನನ್ನನ್ನು ಸಮುದ್ರ ದಾಟಿಸಿತು. ಈಗ ಮೀನು ಇಡುವ ದೊಡ್ಡ ಶೀತಗೃಹ ನನ್ನ ಕೈಯಲ್ಲಿದೆ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗೆ ಹಲ್ಲು ಕಟಕಟ ಅನ್ನುತ್ತಿರುತ್ತವೆ. ಕಂಪ್ರೆಸರಿಗೆ ಕಿವಿ ಹಚ್ಚಿದರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಹೇಳುತ್ತೇನೆ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ ಅನ್ನಿ. ಕೈಯಿಂದ ಕಲಿತದ್ದರ ಬಗ್ಗೆ ಜಂಬ ಪಟ್ಟರೆ ಯಾರಿಗೂ ತ್ರಾಸಿಲ್ಲ.

ಹೋರಿಯ ಮಾತಿಗೆ ಬರುತ್ತೇನೆ. ಹಾವೇರಿ ಸೀಮೆಯವನಿಗೆ ದೀಪಾವಳಿ ಅಂದರೆ ದೀಪಕ್ಕಿಂತ ಮೊದಲು ಹೋರಿ. ಕೊರಳಿಗೆ ಒಣ ಕೊಬ್ಬರಿ ಸರ ಕಟ್ಟಿ, ಕೊಂಬಿಗೆ ಬಲೂನು ಕಟ್ಟಿ, ಜನರ ನಡುವೆ ಬಿಡುತ್ತಾರೆ. ಕೊಬ್ಬರಿ ಹರಿದವನು ಗಂಡಸು. ಹರಿಯಗೊಡದೆ ದಾಟಿ ಹೋದರೆ ಹೋರಿಯೇ ಗಂಡಸು. ಸಣ್ಣಂದಿನಿಂದ ನನಗೆ ನಮ್ಮ ಮನೆಯದೇ ಒಂದು ಹೋರಿ ಓಡಬೇಕು ಅಂತ ಆಸೆ ಇತ್ತು. ನಾನು ಊರಲ್ಲಿದ್ದಾಗ ಆಗಲಿಲ್ಲ. ಊರು ಬಿಟ್ಟ ಮೇಲೆ ಆಯಿತು. ಕೆಲವು ವರ್ಷಗಳ ಹಿಂದೆ ನಾವು ಊರಿಗೆ ಹೋಗಿ ಬಂದ ಮೇಲೆ ತಮ್ಮ ಒಂದು ಕರುವನ್ನು ಫೋನಿನಲ್ಲಿ ತೋರಿಸಿದ. ನಾನು ಹೂಂ, ತಗೊ ಅಂದೆ. ಅದು ಬೆಳೆದು, ಕೆರೆಯಲ್ಲಿ ಈಜಿ, ಎದೆ ತುಂಬಿ, ಎರಡು ಹಬ್ಬದಲ್ಲಿ ಕೊಬ್ಬರಿ ಬಿಡದೆ ಓಡಿದ್ದನ್ನೆಲ್ಲ ನಾನು ನೋಡಿದ್ದು ಅಂಗೈಯಷ್ಟು ಪರದೆಯಲ್ಲಿ. ಊರ ಹುಡುಗರು ಅದಕ್ಕೊಂದು ದೊಡ್ಡ ಹೆಸರಿಟ್ಟಿದ್ದಾರೆ. ನಮಗೆ ಮಾತ್ರ ಅದು ಬರೀ ‘ಮಗ’.

ದಿನಾ ಕೆಲಸ ಬಿಟ್ಟ ಕೂಡಲೇ ನಾನು ಊರಿಗೆ ಫೋನ್ ಹಚ್ಚುತ್ತಿದ್ದೆ. ಅಲ್ಲಿ ಅದು ದೀಪ ಹಚ್ಚುವ ಹೊತ್ತು. ತಮ್ಮ ದನದ ಮನೆಗೆ ಹೋಗಿ ಫೋನನ್ನು ಹೋರಿಯ ಮುಖಕ್ಕೆ ಹಿಡಿಯುತ್ತಿದ್ದ. ನಾನು "ಏ ಮಗನ, ಬಾರೋ" ಅಂದರೆ ಎರಡೂ ಕಿವಿ ಸಟಕ್ಕನೆ ಎದ್ದು ನಿಲ್ಲುತ್ತಿದ್ದವು. ಮೊದಲ ಸಲ ಅದನ್ನು ನೋಡಿದಾಗ ನಾನು ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತ ಮಲಯಾಳಿ ಗೆಳೆಯನಿಗೆ ತೋರಿಸಿದೆ. ಅವನೂ ಬೆರಗಾದ. "ಅಣ್ಣನ ದನಿ ಗುರ್ತಾ ಹಿಡೀತೈತಿ" ಅಂತ ಊರೆಲ್ಲ ಮಾತಾಯಿತು. ಸಂತೆಗೆ ಹೋದಲ್ಲೆಲ್ಲ ಅವ್ವ ಇದನ್ನೇ ಹೇಳುತ್ತಿದ್ದಳಂತೆ.

ಹೋದ ವರ್ಷ ಬಹಳ ಗುದ್ದಾಡಿ ದೀಪಾವಳಿಗೆ ಸರಿಯಾಗಿ ರಜೆ ಪಡೆದೆ. ಪಾಡ್ಯದ ದಿನವೇ ಪಾಡ್ಯ ಮಾಡುವ ಭಾಗ್ಯ! ಬೆಂಗಳೂರಿಗೆ ಇಳಿದು, ರೈಲು ಹತ್ತಿ, ಬ್ಯಾಡಗಿ ಸ್ಟೇಶನ್ನಿನಲ್ಲಿ ಕಾಲಿಟ್ಟ ಕೂಡಲೇ ಮೆಣಸಿನಕಾಯಿ ಘಾಟಿಗೆ ಮಗಳು ಸೀನಲು ಸುರುಮಾಡಿದಳು. ಕರೆಯಲು ಬಂದಿದ್ದ ತಮ್ಮ ನಕ್ಕು, "ಬಾರವಾ, ಸೀನಿ ಸೀನಿ ಊರಿನಾಕಿ ಆಗು" ಅಂದ.

ಮನೆಗೆ ಬಂದವನು ಚೀಲ ಇಳಿಸಿ ಸೀದಾ ದನದ ಮನೆಗೆ ಹೋದೆ. ಪರದೆಯಲ್ಲಿ ಕಂಡದ್ದಕ್ಕಿಂತ ಎಷ್ಟು ದೊಡ್ಡದು! ಉಸಿರು ಬಿಟ್ಟರೆ ನನ್ನ ಅಂಗಿ ಅಲುಗುತ್ತಿತ್ತು. ಹಿಂದೆ ಮನೆಮಂದಿ, ಓಣಿಯ ನಾಲ್ಕು ಜನ ಬಾಗಿಲಿಗೆ ಬಂದು ನಿಂತಿದ್ದರು. ನಾನು ಬೆಲ್ಲದ ಹೆಂಟೆ ಹಿಡಿದು, "ಏ ಮಗನ, ಬಾರೋ" ಅಂದೆ.

ಅದು ತಲೆ ತಗ್ಗಿಸಿ ಕೊಂಬು ತೋರಿಸಿತು. ಗೂಟ ಜಗ್ಗಿತು. ತಮ್ಮ ಅಡ್ಡ ಬಂದು ಮೂಗುದಾರ ಹಿಡಿಯದಿದ್ದರೆ ನನ್ನ ಕತೆ ಅಲ್ಲೇ ಮುಗಿಯುತ್ತಿತ್ತು.

"ಇರ್ಲಿ ಅಣ್ಣ, ಎರಡು ದಿನ ತಡಿ" ಅಂದ ತಮ್ಮ. "ಸೆಂಟಿನ ವಾಸನಿಗೆ ಹಂಗ ಮಾಡೇತಿ."

ನಾನು ಜಳಕ ಮಾಡಿ, ತಮ್ಮನ ಹಳೆಯ ಅಂಗಿ ಹಾಕಿಕೊಂಡು ಮತ್ತೆ ಹೋದೆ. ಮತ್ತೆ ಅದೇ ಕೊಂಬು. ಬೆಲ್ಲ ಗೋದಲಿಯಲ್ಲಿ ಹಾಕಿ ಬಂದೆ. ನಾನು ಹೊರಗೆ ಬಂದ ಮೇಲೆ ತಿಂದಿತು.

ಮರುದಿನ ರಾಣೇಬೆನ್ನೂರಿಗೆ, ಹೆಂಡತಿಯ ತವರಿಗೆ ಹೋಗಿ ಬಂದೆವು. ಅಲ್ಲಿಯೂ ಅದೇ ಮಾತು. "ಏನ್ ಮಾವಾರ, ಫೋನಿನ್ಯಾಗ ಹೋರಿ ಸಾಕೀರಂತ. ನಮ್ಮ ಎಮ್ಮಿಗೂ ಒಂದೀಟು ಮಾತಾಡ್ರಲಾ, ಹಾಲು ಹೆಚ್ಚು ಕೊಡ್ಲಿ" ಅಂತ ಹೆಂಡತಿಯ ತಮ್ಮ ಚಾಷ್ಟಿ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೆಂಡತಿ ಮಾತ್ರ ನನ್ನ ಮುಖ ನೋಡಿದಳು. ಬರುವಾಗ ಬಸ್ಸಿನಲ್ಲಿ, "ನೀವು ಹಿಡ್ಯಾಕ ನಿಂದರಬ್ಯಾಡ್ರಿ" ಅಂದಳು.

ಯಾಕೆ ಹಾಗಂದಳು ಅಂತ ಹೇಳಬೇಕು. ನಮ್ಮೂರಲ್ಲಿ ಹೋರಿ ಬಿಡುವವನೊಬ್ಬ, ಹಿಡಿಯುವವನೊಬ್ಬ. ಓಡುವ ದಾರಿಯ ಕಟ್ಟಕಡೆಗೆ ನಿಂತು ಹಿಡಿಯುವವನು ಮನೆಯ ಯಜಮಾನನೇ ಆಗಿರಬೇಕು; ನಾನಿಲ್ಲದಾಗ ಆ ಕೆಲಸ ತಮ್ಮನದಾಗಿತ್ತು. ಗದ್ದಲಕ್ಕೆ ಬೆದರಿ ಓಡಿ ಬಂದ ಹೋರಿ ತನ್ನವನ ದನಿ ಕೇಳಿದರೆ ಮಾತ್ರ ನಿಲ್ಲುತ್ತದೆ. ನಿಲ್ಲದಿದ್ದರೆ ಮುಂದೆ ಗೋವಿನಜೋಳದ ಹೊಲಗಳು, ಅವುಗಳ ಆಚೆ ರೈಲು ಹಳಿ.

ಬಸ್ಸಿಳಿದು ಮನೆಗೆ ಬಂದಾಗ ಸಂಜೆಯಾಗಿತ್ತು. ನಾನು ಸದ್ದು ಮಾಡದೆ ದನದ ಮನೆಯ ಬಾಗಿಲ ಮರೆಯಲ್ಲಿ ನಿಂತೆ. ಹೋರಿ ಆ ಕಡೆ ಮುಖ ಮಾಡಿ ಮೆಲುಕು ಹಾಕುತ್ತಿತ್ತು. ನಾನು ಬಾಯಿ ಬಿಟ್ಟಿರಲಿಲ್ಲ. ಆದರೂ ಒಮ್ಮೆಲೇ ಅದರ ಎರಡೂ ಕಿವಿ ಎದ್ದು ನಿಂತವು, ಫೋನಿನಲ್ಲಿ ನೋಡುತ್ತಿದ್ದೆನಲ್ಲ, ಥೇಟ್ ಹಾಗೆಯೇ. ನನ್ನ ಎದೆ ಹಿಗ್ಗಿತು. ಗುರ್ತಾ ಹಿಡಿಯಿತು ಅಂದುಕೊಂಡೆ. ಆಗ ಹಿಂದಿನಿಂದ ಬಕೀಟಿನ ಹಿಡಿಕೆ ಖಣಖಣ ಅಂದದ್ದು ನನಗೂ ಕೇಳಿಸಿತು. ತಮ್ಮನ ಹೆಂಡತಿ ಹುರುಳಿ ನುಚ್ಚು ಕಲಸಿಕೊಂಡು ಬರುತ್ತಿದ್ದಳು.

"ಅಯ್ಯ, ಭಾವಾರ, ಕತ್ತಲದಾಗ ನಿಂತೀರಲ್ರಿ" ಅಂದಳು. "ನಿಮ್ಮ ಫೋನು ಬರೂದೂ ಇದ ಹೊತ್ತಿಗೆ ನೋಡ್ರಿ. ನಾ ಬಕೀಟು ತರೂದಕ್ಕೂ ನೀವು ಮಾತಾಡೂದಕ್ಕೂ ಬರೋಬ್ಬರಿ ತಾಳ ಕೂಡತೈತಿ."

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದ್ದದ್ದನ್ನು ಹೇಳಿದಳು, ಬಕೀಟು ಇಟ್ಟಳು, ಹೋರಿಯ ಕೊರಳ ಕೆಳಗಿನ ಗಂಗೆದೊಗಲು ತುರಿಸಿ ಒಳಗೆ ಹೋದಳು. ನಾನು ಅಲ್ಲೇ ನಿಂತೆ. ಕೆಟ್ಟ ಮಿಶನ್ನಿನ ಸದ್ದು ಹಿಡಿಯುವ ಕಿವಿ ನನ್ನದು. ಇಷ್ಟು ವರ್ಷ ಫೋನಿನಲ್ಲಿ ಆ ಬಕೀಟಿನ ಸದ್ದು ಒಮ್ಮೆಯೂ ನನಗೆ ಕೇಳಿಸಿರಲಿಲ್ಲವೇ? ಕೇಳಿಸಿರಬೇಕು. ನಾನು ನನ್ನ ದನಿಯಲ್ಲೇ ಮುಳುಗಿದ್ದೆ.

ಪಾಡ್ಯದ ಮುಂಜಾನೆ ಅವ್ವ ಹೊಸ್ತಿಲಿಗೆ ಹಟ್ಟೆವ್ವನನ್ನು ಕೂರಿಸಿದಳು. ಮಗಳು ಬಗ್ಗಿ ಮೂಸಿ ನೋಡಿ, "ಅಪ್ಪಾ, ಇದು ಸಗಣಿ!" ಅಂತ ಚೀರಿದಳು. "ಮತ್ತೇನ ಬಂಗಾರದ್ದು ಮಾಡ್ತಾರನ, ಹುಚ್ಚವ್ವ" ಅಂದಳು ಅವ್ವ. ಮಗಳು ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ಒಂದು ಹೂವು ತಾನೇ ಸಿಗಿಸಿದಳು.

ಮಧ್ಯಾಹ್ನ ಹೋರಿಗೆ ಜೂಲ ಹೊದಿಸಿ, ಗೆಜ್ಜೆ ಕಟ್ಟಿ, ಕೊಬ್ಬರಿ ಸರ ಹಾಕಿದರು. ಅಂಗಳದ ತುಂಬ ಜನ. ತಮ್ಮ ನನ್ನನ್ನು ಬದಿಗೆ ಕರೆದು ಸಣ್ಣ ದನಿಯಲ್ಲಿ, "ಅಣ್ಣ, ಕಡೀಗೆ ನಾ ನಿಂದ್ರತೇನಿ. ಬಿಡಾಕ ಯಾರನ್ನರ ನೋಡೂಣು" ಅಂದ. ಅಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಹೋರಿಯ ಬೆನ್ನು ಮುಟ್ಟಲು ಹೋಗಿ, ಅದು ಒದೆಯಲು ಬಂದು, ಹಿಂದೆ ಸರಿದರು. ಹಿಂದಿನ ಎರಡು ಹಬ್ಬದಲ್ಲಿ ಬಿಟ್ಟಿದ್ದ ತಮ್ಮನ ಗೆಳೆಯ ಈ ಸಲ ಊರಲ್ಲಿರಲಿಲ್ಲ. ಈಗ ತಮ್ಮನನ್ನು ಬಿಟ್ಟರೆ ಅದನ್ನು ಅಖಾಡದವರೆಗೆ ನಡೆಸುವವರು ಯಾರೂ ಇರಲಿಲ್ಲ. ಅವ್ವ ಎಲ್ಲರಿಗೂ ಕೇಳುವ ಹಾಗೆ, "ಅವನ ಹೋರಿ, ಅವನ ಹಿಡೀಲಿ. ಅಷ್ಟು ದೂರದಿಂದ ಯಾಕ ಬಂದಾನ?" ಅಂದಳು. ಅವಳ ಮುಖದ ತುಂಬ ಖುಷಿ ಇತ್ತು. ಬೇಡ ಅನ್ನಲು ಒಂದೇ ಮಾತು ಸಾಕಿತ್ತು. ಆ ಮಾತು ಅಷ್ಟು ಜನರ ಎದುರಿಗೆ ಹೊರಡಲಿಲ್ಲ.

ಹಗ್ಗ ಹೆಗಲಿಗೆ ಹಾಕಿಕೊಂಡು ಕಡೆಗೆ ಹೋಗಿ ನಿಂತೆ. ಮಗಳು ಕಲ್ಲಿನ ಕಟ್ಟೆಯ ಮೇಲೆ, ಅವಳ ಕೈ ಹಿಡಿದು ಹೆಂಡತಿ. ದೂರದಲ್ಲಿ ಧೂಳು ಎದ್ದಿತು. ಜನರ ಕೂಗು ಎರಡೂ ಕಡೆಯಿಂದ ಅಲೆಯ ಹಾಗೆ ನನ್ನ ಕಡೆ ಬಂತು. ಹೋರಿ ಕಂಡಿತು. ಮೈಮೇಲೆ ಬಿದ್ದವರನ್ನು ಕೊಡವಿ, ಕೊಬ್ಬರಿ ಸರ ಕುಣಿಸುತ್ತ, ಬಲೂನು ಒಡೆಯುತ್ತ ಬರುತ್ತಿತ್ತು. ಅಷ್ಟು ಚಂದದ್ದನ್ನು ನಾನು ಯಾವತ್ತೂ ನೋಡಿಲ್ಲ.

"ಏ ಮಗನ! ಬಾರೋ! ಬಾರೋ!"

ಗಂಟಲು ಹರಿಯುವಂತೆ ಕೂಗಿದೆ. ಕಿವಿ ಏಳಲಿಲ್ಲ. ಹಗ್ಗ ಬೀಸಿದೆ, ಕೊಂಬಿಗೆ ತಾಗಿ ಜಾರಿತು. ನನ್ನನ್ನು ಒಂದು ಕಂಬದ ಹಾಗೆ ಬಳಸಿ ದಾಟಿ ಹೋರಿ ಗೋವಿನಜೋಳದೊಳಗೆ ನುಗ್ಗಿತು.

ಆಳೆತ್ತರದ ಬೆಳೆ. ಒಳಗೆ ಏನೂ ಕಾಣದು. ತುದಿಯ ಸೂಲಂಗಿ ಮಾತ್ರ ಗೆರೆ ಎಳೆದಂತೆ ಅಲುಗುತ್ತ ಹಳಿಯ ಕಡೆ ಹೋಗುತ್ತಿತ್ತು. ನಾನು ಬದುವಿನ ಮೇಲೆ ಓಡಿದೆ, ಕೂಗಿದೆ. ಕೂಗಿದಷ್ಟೂ ಅದು ಮುಂದೆ ಹೋಗುತ್ತಿತ್ತು. ಆಗ ತಿಳಿಯಿತು, ಅದು ನನ್ನ ದನಿಗೇ ಬೆದರುತ್ತಿತ್ತು. ನಿಂತೆ. ಬಾಯಿ ಮುಚ್ಚಿದೆ. ಮುಚ್ಚುವುದೊಂದೇ ನನ್ನ ಕೈಯಲ್ಲಿ ಉಳಿದಿದ್ದ ಕೆಲಸ. ದೂರದಲ್ಲಿ ರೈಲು ಕೂಗಿತು. ತಮ್ಮ ಜನರ ನಡುವೆ ಸಿಕ್ಕು ಇನ್ನೂ ಬರುತ್ತಿದ್ದ.

"ಅಪ್ಪಾ, ಕರೀರಿ! ಯಾಕ ಸುಮ್ಮನ ನಿಂತೀರಿ?" ಅಂತ ಹಿಂದಿನಿಂದ ಮಗಳು ಕೂಗಿದಳು.

ರೈಲು ಬಂತು. ಡಬ್ಬಿಗಳ ಸದ್ದು ಮುಗಿಯುವ ತನಕ ನಾನು ಹಳಿಯ ಕಡೆ ನೋಡಲಿಲ್ಲ, ನನ್ನ ಚಪ್ಪಲಿ ನೋಡುತ್ತಿದ್ದೆ. ಸದ್ದು ನಿಂತ ಮೇಲೆ ಬದುವಿನ ಮೇಲೆ ಖಣಖಣ ಕೇಳಿಸಿತು. ತಮ್ಮನ ಹೆಂಡತಿ ಸೆರಗು ಸಿಗಿಸಿ, ಬರಿದಾದ ಬಕೀಟಿನ ಹಿಡಿಕೆ ಬಡಿಯುತ್ತ ಓಡಿ ಬರುತ್ತಿದ್ದಳು. ಹಿಂದೆಯೇ ತಮ್ಮ, "ಹೋ ಹೋ ಹೋ" ಅನ್ನುತ್ತ. ಸೂಲಂಗಿ ಅಲುಗುವುದು ನಿಂತಿತು. ಆಮೇಲೆ ತಿರುಗಿ ನಮ್ಮ ಕಡೆ ಅಲುಗಿತು. ಮೊದಲು ಕೊಂಬು, ಆಮೇಲೆ ಕಿವಿ. ಎರಡೂ ನೆಟ್ಟಗೆ ನಿಂತಿದ್ದವು.

ನನ್ನ ಪಕ್ಕದಿಂದಲೇ ಹೋಗಿ ಬರಿದಾದ ಬಕೀಟಿನಲ್ಲಿ ಮೂತಿ ಇಟ್ಟಿತು. ಕೊರಳಲ್ಲಿ ಕೊಬ್ಬರಿ ಒಂದೂ ಹರಿದಿರಲಿಲ್ಲ.

"ಗೆದ್ದೈತಿ! ಗೆದ್ದೈತಿ!" ಅಂತ ಹುಡುಗರು ಕೇಕೆ ಹಾಕಿದರು. ಅವರಲ್ಲೊಬ್ಬ, "ಯಜಮಾನ್ರ, ನೀವು ಅದಕ್ಕ ವೀಸಾ ತೋರಿಸಬೇಕಿತ್ರಿ, ನಿಂದರತಿತ್ತು" ಅಂದ. ದೊಡ್ಡ ನಗೆ ಎದ್ದಿತು. ತಮ್ಮ ನಗಲಿಲ್ಲ. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಮೂಗುದಾರಕ್ಕೆ ಕಟ್ಟಿದ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟ. ಮುಂದೆ ಅವನು ಹೋರಿಯ ಮುಖ ಹಿಡಿದು ನಡೆದ, ಹಿಂದೆ ನಾನು ಸಡಿಲ ಹಗ್ಗ ಹಿಡಿದು ನಡೆದೆ. ದೂರದಿಂದ ನೋಡಿದವರಿಗೆ ನಾನೇ ಹೊಡೆದುಕೊಂಡು ಬಂದಂತೆ ಕಂಡಿರಬೇಕು. ಅವ್ವ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಮೊದಲು ಹೋರಿಗೆ ಬೆಳಗಿದಳು, ಆಮೇಲೆ ನನಗೆ. "ಹೇಳಿದ್ನಿಲ್ಲೋ, ಗುರ್ತಾ ಹಿಡೀತೈತಿ ಅಂತ" ಅಂದಳು.

ನಾನು ಹಣೆ ಮುಂದೆ ಮಾಡಿ ಕುಂಕುಮ ಹಚ್ಚಿಸಿಕೊಂಡೆ.

ಮಸ್ಕತ್ತಿಗೆ ಬಂದು ಬಹಳ ದಿನವಾಯಿತು. ತಮ್ಮ ಕಟ್ಟಿಕೊಟ್ಟ ಕೊಬ್ಬರಿಯನ್ನು ಹೆಂಡತಿ ತುರಿದು ತುರಿದು ಮುಗಿಸಿದ್ದಾಳೆ. ಮೊನ್ನೆ ಶುಕ್ರವಾರ ನಾನು ಮನೆಯಲ್ಲಿದ್ದೆ. ಊಟವಾದ ಮೇಲೆ ಮಗಳು ಫೋನ್ ಹಿಡಿದುಕೊಂಡು ಬಂದು, "ಅಪ್ಪಾ, ಈಗ ಹಚ್ಚೂಣು. ಈಗ ಕರೀರಿ, ಕಿವಿ ಎತ್ತತೈತೇನ ನೋಡೂಣು" ಅಂದಳು. ಬಕೀಟಿನ ಗುಟ್ಟು ಅವಳಿಗೂ ತಿಳಿದಿತ್ತು ಅಂತ ಕಾಣುತ್ತದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಈಗ ಬ್ಯಾಡವಾ" ಅಂದೆ. "ಈಗ ಅದು ಮಲಗಿರತೈತಿ."

ಕಿಟಕಿಯಲ್ಲಿ ಬಿಸಿಲು ಇಳಿಯುವ ತನಕ ಕೂತೆ. ಊರಲ್ಲಿ ದೀಪ ಹಚ್ಚುವ ಹೊತ್ತಿಗೆ ಫೋನ್ ಹಚ್ಚಿದೆ. ತಮ್ಮ ದನದ ಮನೆಗೆ ನಡೆದ. ಪರದೆಯಲ್ಲಿ ಹೋರಿಯ ಮುಖ ಬಂತು. ನಾನು ಕರೆಯಲಿಲ್ಲ, ಸ್ವಲ್ಪ ತಡೆದೆ. ಬಕೀಟಿನ ಸದ್ದು ಕೇಳಿಸಿದ ಮೇಲೆ, "ಏ ಮಗನ, ಬಾರೋ" ಅಂದೆ.

"ಎತ್ತೇತಿ ನೋಡಣ್ಣ, ಎತ್ತೇತಿ" ಅಂದ ತಮ್ಮ.