ಶಾಂತಕ್ಕನ ಮಗಳ ಮನೆಗೆ ನೀರು ಹೊಡೆದ ಸುಂಕಮ್ಮ

“ನಿನ್ನ ಮಗಳು ಮನಿ ಕಟ್ಟಿಸಿದ್ರ ನೀರು ನಾನ ಹೊಡಿತೀನಿ. ಗೋಡಿ ಒಂದು ಗೆರಿಯಷ್ಟು ಸೈತ ಬಿರಿಯಂಗಿಲ್ಲ.”

ಆಂಧ್ರದ ಆದವಾನಿಯ ಹತ್ತಿ ಮಿಲ್ಲಿನಲ್ಲಿ ಹಿಂದೆ ಜೊತೆಗೆ ದುಡಿದಿದ್ದ ಶಾಂತಕ್ಕನಿಗೆ ಸುಂಕಮ್ಮ ಹೀಗೆ ಮಾತು ಕೊಟ್ಟಾಗ ಶಾಂತಕ್ಕನ ಮಗಳು ಪದ್ಮಜಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಶಾಂತಕ್ಕ ಈಗಿಲ್ಲ. ಪದ್ಮಜಾಳ ಮನೆ ಕೌತಾಳಂ ರಸ್ತೆಯ ಹೊಸ ಬಡಾವಣೆಯಲ್ಲಿ ಎದ್ದಿದೆ.

ಈಗ ನಸುಕು. ಆ ಮನೆಯ ಮೂಡಣ ಗೋಡೆಯ ಬುಡಕ್ಕೆ ಸುಂಕಮ್ಮ ಪೈಪು ಹಿಡಿದು ನಿಂತಿದ್ದಾರೆ. ಕಟ್ಟುತ್ತಿರುವ ಮನೆಗಳ ಗೋಡೆ, ಕಂಬ, ಚಾವಣಿಗೆ ನೀರುಣಿಸಿ ಸಿಮೆಂಟು ಗಟ್ಟಿಯಾಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ಈ ಮನೆ ಕಟ್ಟಿ ಮುಗಿದಿದೆ, ಒಳಗೆ ಜನ ಮಲಗಿದ್ದಾರೆ. ಆದರೂ ನೀರು ಹರಿಯುತ್ತಿದೆ.

ಮೇಸ್ತ್ರಿಗಳು ಬರುವ ಮೊದಲೇ ಇವರು ಬರಬೇಕು, ಅವರು ಹೋದ ಮೇಲೂ ಇರಬೇಕು. “ಹಸಿ ಗೋಡಿ ಅಂದ್ರ ಎಳಿ ಕೂಸು ಇದ್ದಂಗ್ರಿ. ಅಳೂಕಿಂತ ಮೊದ್ಲ ಕುಡಿಸಬೇಕು.” ಸಿಮೆಂಟಿನ ನೀರಿಗೆ ಅವರ ಬೆರಳ ಸಂದುಗಳು ಸೀಳಿಹೋಗಿವೆ. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಬಡಗಿಗೆ ಶಲ್ಯ ಸಿಗುತ್ತದೆ. ನೀರು ಹೊಡೆದವರನ್ನು ಕರೆಯುವುದು ಯಾರಿಗೂ ನೆನಪಾಗುವುದಿಲ್ಲ.

ಮಾತು ಕೊಟ್ಟಂತೆ ಪದ್ಮಜಾಳ ಮನೆಗೆ ಸುಂಕಮ್ಮನೇ ನೀರು ಹೊಡೆದಿದ್ದರು, ಅಲ್ಲಿ ಗೃಹಪ್ರವೇಶಕ್ಕೂ ಕರೆದರು. ಆದರೆ ಮೊದಲ ಬೇಸಿಗೆಗೇ ಕಿಟಕಿಯ ಮೂಲೆಯಿಂದ ನೆಲದವರೆಗೆ ಗೋಡೆ ಬಿರಿಯಿತು. ಗುತ್ತಿಗೆದಾರ ಲಕ್ಷ್ಮಿಕಾಂತ್ ಬಂದು ನೋಡಿ, “ಕ್ಯೂರಿಂಗ್ ಸಾಲಲೇದು” ಎಂದು ತೆಲುಗಿನಲ್ಲಿ ಒಂದೇ ಮಾತು ಹೇಳಿ ಬೈಕ್ ಏರಿದರು. ನೀರು ಸಾಲಲಿಲ್ಲ ಎಂಬ ಆ ಮಾತು ಬಡಾವಣೆ ತುಂಬ ಹಬ್ಬಿ, ಮೇಸ್ತ್ರಿಗಳು ಸುಂಕಮ್ಮನನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಮನೆಯಲ್ಲಿ ಗಂಡ ಉಚ್ಚೀರಪ್ಪನೂ ಬಿಡಲಿಲ್ಲ: “ಗೋಡಿಗೆ ನೀರು ಸಾಲಲಿಲ್ಲಂತ. ನನ್ನ ಚಾದಾಗ ಮಾತ್ರ ಧಾರಾಳ ಸುರಿತಾಳ ಆಕಿ.”

ಸುಂಕಮ್ಮ ನಗಲಿಲ್ಲ. ಅಂದು ಕಡಿಮೆ ಬಿದ್ದ ನೀರನ್ನು ಇಂದು ತುಂಬಿಕೊಟ್ಟರಾಯಿತು ಎಂದು ಯೋಚಿಸಿ, ದಿನಾ ನಸುಕಿನಲ್ಲಿ ಬಂದು ಬಿರುಕಿನ ಬುಡಕ್ಕೆ ನೀರು ಬಿಡತೊಡಗಿದರು. ಆಶ್ಚರ್ಯವೆಂದರೆ ಬಿರುಕು ಕೂಡುತ್ತ ಬಂತು. ಬೆರಳು ತೂರುತ್ತಿದ್ದಲ್ಲಿ ಮೊಳೆಯೂ ತೂರದಂತಾಯಿತು. ಪದ್ಮಜಾ ಖುಷಿಯಿಂದ ಮಂಡಕ್ಕಿಯ ಉಗ್ಗಾಣಿ ಮಾಡಿ ಬಡಿಸಿದಳು.

ಅಷ್ಟರಲ್ಲಿ ಪಡುವಣದ ಅಡುಗೆಮನೆಯ ಗೋಡೆ ಬಿರಿಯಿತು.

ಪದ್ಮಜಾ ಕರೆಸಿದ ಎಂಜಿನಿಯರು, ಇದು ಎರೆ ನೆಲ, ನೀರು ಕುಡಿದ ಕಡೆ ಉಬ್ಬಿ ಮನೆಯನ್ನೇ ಎತ್ತುತ್ತದೆ, ಆಗ ಇನ್ನೊಂದು ಕಡೆ ಬಿರಿಯುತ್ತದೆ, ನೀರು ನಿಲ್ಲಿಸಿ ಎಂದರು. ಇನ್ನೊಬ್ಬರು ಬಂದು, ನಿಲ್ಲಿಸಿದರೆ ನೆಲ ಒಣಗಿ ಕುಸಿಯುತ್ತದೆ, ನಾಲ್ಕೂ ಕಡೆ ಸಮನಾಗಿ ಬಿಡಿ ಎಂದರು. ಪಾಯವೇ ಸಾಕಷ್ಟು ಆಳ ಹೋಗಿಲ್ಲ ಎಂಬುದು ಪಕ್ಕದ ಮನೆಯವರ ಮಾತು. ಅವರ ಮನೆಯೂ ಬಿರಿದಿದೆ, ಅದಕ್ಕೆ ಪುಟ್ಟಿ ಮೆತ್ತಿ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಈ ಬರಹಕ್ಕಾಗಿ ನಾನು ಫೋನ್ ಮಾಡಿದಾಗ ಲಕ್ಷ್ಮಿಕಾಂತ್ ನನಗೂ ಅದೇ ಹಳೆಯ ಮಾತು ಹೇಳಿದರು: ನೀರು ಸಾಲಲಿಲ್ಲ.

“ನೀರು ಕಮ್ಮಿ ಆಗಿ ಒಡೀತು ಅಂದ್ರು, ಹೊಡದೆ. ಈಗ ಹೆಚ್ಚಾಗಿ ಒಡೀತು ಅಂತಾರ. ನಾ ಯಾವುದನ್ನ ನಂಬಲ್ರೀ?”

ಪದ್ಮಜಾ ಬಾಗಿಲು ತೆರೆದು ಹೊರಗೆ ಬರುತ್ತಾಳೆ. ಒದ್ದೆ ನೆಲವನ್ನೂ ಗೋಡೆಯನ್ನೂ ನೋಡುತ್ತ ನಿಲ್ಲುತ್ತಾಳೆ. “ಚಿಗವ್ವ, ನಿನಗ ಹೊಡಿ ಅನ್ನಲೋ ಬ್ಯಾಡ ಅನ್ನಲೋ, ನನಗ ತಿಳಿವಲ್ದು.”

ಸುಂಕಮ್ಮ ನಲ್ಲಿ ಅರ್ಧ ತಿರುಗಿಸುತ್ತಾರೆ. ಪೂರ್ತಿ ನಿಲ್ಲಿಸಿದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ.

“ತಪ್ಪು ನಂದ ಇದ್ರ ಒಪ್ಪಿಕೊಳ್ತೀನ್ರಿ. ನಂದು ಹೌದೋ ಅಲ್ಲೋ, ಅಷ್ಟು ಯಾರಾರ ಹೇಳಿದ್ರ ಸಾಕು.”

ಹೇಳಬಲ್ಲವರು ನನಗೂ ಸಿಕ್ಕಲಿಲ್ಲ. ಪದ್ಮಜಾಳ ಮನೆಗೆ ಸುಂಕಮ್ಮನೇ ನೀರು ಹೊಡೆದರು. ಗೋಡೆ ಎರಡು ಕಡೆ ಬಿರಿದಿದೆ. ಶಾಂತಕ್ಕನಿಗೆ ಕೊಟ್ಟ ಮಾತು ಉಳಿಯಲಿಲ್ಲ.